ಹಳೆಯ ಗಾಜಿಗೆ ಹತ್ತಿದ ಸುಣ್ಣ

ಶೀರ್ಷಿಕೆಯನ್ನು ನೋಡಿ, ಇದು ಹಬ್ಬಕ್ಕೆ ಮುಂಚೆ ಮನೆಗೆ ಸುಣ್ಣ ಬಳಿಯುವ ಮಾತಿರಬಹುದೆಂದು ಓದುಗ ಬಂಧುಗಳು ಭಾವಿಸಬಾರದು. ಇದು ಮೀನು ಸಾಕುವ ಗಾಜಿನ ತೊಟ್ಟಿಯ ವಿಚಾರ. ಅದೂ ಅಂಗಡಿಯಿಂದ ತಂದ ಹೊಸ ತೊಟ್ಟಿಯಲ್ಲ; ಯಾರೋ ವರ್ಷಗಟ್ಟಲೆ ಬಳಸಿ, ಬೇಸರವಾಗಿ ಬಿಟ್ಟು, ಗುಜರಿಯ ಪಾಲಾಗಿ, ಅಲ್ಲಿಂದ ಇನ್ನೊಂದು ಮನೆಯ ಬಾಗಿಲಿಗೆ ಬಂದ ತೊಟ್ಟಿ. ಮಠದ ಪಾಠಶಾಲೆಯಲ್ಲಿ ವ್ಯಾಕರಣ, ತರ್ಕಗಳನ್ನು ಓದಿ, ಹಸ್ತಪ್ರತಿಗಳ ನಡುವೆ ಆಯುಷ್ಯ ಕಳೆದ ನನ್ನಂಥವನಿಗೆ ಇದರ ಗೊಡವೆ ಏಕೆ ಎಂದು ಕೇಳಿದರೆ, 2025ರ ಬೇಸಗೆಯಲ್ಲಿ ಗವಿಪುರದ ನಮ್ಮ ಮನೆಯಲ್ಲಿ ನಡೆದ ಪ್ರಸಂಗವನ್ನೇ ಹೇಳಬೇಕಾಗುತ್ತದೆ.

ಮಗಳ ಮಗನಿಗೆ ಒಂಬತ್ತು ವರ್ಷ. ಪರೀಕ್ಷೆ ಮುಗಿದ ಮೇಲೆ ಮೀನು ಸಾಕಬೇಕೆಂಬುದು ಅವನ ಬಹುದಿನದ ಹಟ. ಅಳಿಯಂದಿರು ಚಿಕ್ಕಪೇಟೆಯ ಕಡೆಯ ಭಾನುವಾರದ ಸಂತೆಗೆ ಹೋಗಿ, ಎರಡಡಿ ಉದ್ದ, ಒಂದಡಿ ಅಗಲ, ಒಂದಡಿ ಎತ್ತರದ ತೊಟ್ಟಿಯೊಂದನ್ನು ಆಟೋದಲ್ಲಿ ಇಟ್ಟುಕೊಂಡು ಬಂದರು. "ನಮ್ಮ ಮನೆಗೆ ಮೀನೇ?" ಎಂದು ನನ್ನ ಮನೆಯವರು ಬಾಗಿಲಲ್ಲೇ ತಡೆದರು. "ತಿನ್ನೋಕಲ್ಲ ಅಜ್ಜಿ, ನೋಡೋಕೆ" ಎಂದು ಹುಡುಗ ಅವರನ್ನು ಸಮಾಧಾನಪಡಿಸಿದ. ಗಾಜು ದಪ್ಪವಾಗಿತ್ತು, ಎಲ್ಲಿಯೂ ಬಿರುಕಿರಲಿಲ್ಲ. ಆದರೆ ಮೇಲಿನಿಂದ ಎರಡು ಅಂಗುಲ ಕೆಳಗೆ ನಾಲ್ಕೂ ಸುತ್ತ ಬೆರಳಗಲದ ಬಿಳಿಯ ಪಟ್ಟಿ, ಅದರ ಕೆಳಗೆ ಮಂಜು ಮುಸುಕಿದಂತೆ ಒಂದು ಪೊರೆ. ಸಾಬೂನಿನಿಂದ ತಿಕ್ಕಿದರೂ ಅದು ಜಗ್ಗಲಿಲ್ಲ.

ಅಳಿಯಂದಿರು ಅವಸರದವರು. ತೊಟ್ಟಿಯನ್ನು ಬಚ್ಚಲುಮನೆಗೆ ಒಯ್ದು, ಅಲ್ಲಿಯೇ ಮೂಲೆಯಲ್ಲಿದ್ದ ಬಚ್ಚಲು ತೊಳೆಯುವ ಆ್ಯಸಿಡ್ಡನ್ನು ಅದಕ್ಕೆ ಸುರಿದರು. ಆ ಬೆಳಿಗ್ಗೆಯೇ ನೆಲಕ್ಕೆ ಹಾಕಿದ್ದ ಬ್ಲೀಚಿಂಗ್ ಪೌಡರ್ ಇನ್ನೂ ಮೂಲೆಗಳಲ್ಲಿ ಉಳಿದಿತ್ತು. ಆ್ಯಸಿಡ್ ತುಳುಕಿ ನೆಲಕ್ಕೆ ಬಿದ್ದುದೇ ತಡ, ಮೂಗು ಸೀಳುವಂಥ ಘಾಟು ಮನೆಯನ್ನೆಲ್ಲ ತುಂಬಿತು. ಅಳಿಯಂದಿರು ಕೆಮ್ಮುತ್ತ ಹೊರಗೆ ಬಂದರು. ಬಾಗಿಲ ಬಳಿ ಕುಕ್ಕುರುಗಾಲಲ್ಲಿ ಕುಳಿತು ನೋಡುತ್ತಿದ್ದ ಹುಡುಗನಿಗೆ ಉಸಿರೇ ಸಿಕ್ಕಿಕೊಂಡಂತಾಯಿತು. ಅವನನ್ನು ಎತ್ತಿಕೊಂಡು ಬೀದಿಗೆ ಓಡಿದೆವು, ಮನೆಯ ಕಿಟಕಿಗಳನ್ನೆಲ್ಲ ತೆರೆದೆವು, ವೈದ್ಯರಲ್ಲಿಗೆ ಕರೆದೊಯ್ದೆವು. ಎರಡು ದಿನ ಕೆಮ್ಮಿ ಹುಡುಗ ಚೇತರಿಸಿಕೊಂಡ. ದೊಡ್ಡ ಅನಾಹುತವಾಗಲಿಲ್ಲವೆಂಬುದು ನಮ್ಮ ಪುಣ್ಯ.

ಅಂದು ಬಚ್ಚಲಿನಲ್ಲಿ ಹುಟ್ಟಿದುದು ಕ್ಲೋರಿನ್ ಅನಿಲ. ಬಚ್ಚಲು ತೊಳೆಯುವ ಆ್ಯಸಿಡ್ ಬಹುತೇಕ ಹೈಡ್ರೋಕ್ಲೋರಿಕ್ ಆಮ್ಲ. ಬ್ಲೀಚಿಂಗ್ ಪೌಡರಿನೊಡನೆ ಅದು ಸೇರಿದರೆ ಕ್ಲೋರಿನ್ ಬಿಡುಗಡೆಯಾಗುತ್ತದೆ. 1915ರ ಏಪ್ರಿಲಿನಲ್ಲಿ ಬೆಲ್ಜಿಯಂ ದೇಶದ ಈಪ್ರ್ ಎಂಬಲ್ಲಿ ಜರ್ಮನ್ ಸೈನ್ಯ ಶತ್ರುಗಳ ಮೇಲೆ ಬಿಟ್ಟ ವಿಷಾನಿಲ ಇದೇ. ಇದು ಗಾಳಿಗಿಂತ ಸುಮಾರು ಎರಡೂವರೆ ಪಟ್ಟು ಭಾರ. ಆದುದರಿಂದ ಮೇಲೇರದೆ ನೆಲದ ಮಟ್ಟದಲ್ಲಿ ಹರಡುತ್ತದೆ. ನಿಂತ ದೊಡ್ಡವರಿಗಿಂತ ಕುಳಿತ ಮಗುವಿಗೇ ಮೊದಲು ತಾಗಿದುದು ಏಕೆಂದು ನನಗೆ ಆಮೇಲೆ ತಿಳಿಯಿತು. ಇಷ್ಟು ತಿಳಿದ ಮೇಲೆ ಸುಮ್ಮನಿರಲಾಗಲಿಲ್ಲ. ಗಾಜಿಗೆ ಹತ್ತಿದ ಆ ಬಿಳಿಯ ಪದಾರ್ಥ ಯಾವುದು, ಅದು ಎಲ್ಲಿಂದ ಬಂತು, ಯಾರಿಗೂ ಹಾನಿಯಾಗದಂತೆ ಅದನ್ನು ತೆಗೆಯುವುದು ಹೇಗೆ ಎಂಬುದನ್ನು ತಿಳಿದವರನ್ನು ಕೇಳಿ, ಪುಸ್ತಕ ನೋಡಿ, ಕೈಯಾರೆ ಮಾಡಿ ಕಂಡುಕೊಂಡದ್ದನ್ನು ಇಲ್ಲಿ ನಿವೇದಿಸಿದ್ದೇನೆ.

ಆ ಪಟ್ಟಿ ಸುಣ್ಣದ ಕಲ್ಲು. 'ಸುಣ್ಣ' ಎಂಬುದು ಸಂಸ್ಕೃತದ 'ಚೂರ್ಣ' ಶಬ್ದದ ತದ್ಭವವೆಂದು ವ್ಯಾಕರಣ ಓದಿದವರಿಗೆ ಗೊತ್ತು, ಚೂರ್ಣವೆಂದರೆ ಪುಡಿ. ಗಾಜಿಗೆ ಹತ್ತಿದ ಸುಣ್ಣವಾದರೋ ಪುಡಿಯಲ್ಲ, ಹರಳುಗಟ್ಟಿದ ಕಲ್ಲು; ರಸಾಯನಶಾಸ್ತ್ರ ಇದನ್ನು ಕ್ಯಾಲ್ಸಿಯಂ ಕಾರ್ಬೊನೇಟ್ ಎನ್ನುತ್ತದೆ. ಇದರ ಮೂಲ ನಮ್ಮ ಕಾಲ ಕೆಳಗೇ ಇದೆ. ಗವಿ ಗಂಗಾಧರೇಶ್ವರನ ಗುಡಿಯನ್ನು ಯಾವ ಬಂಡೆಯಲ್ಲಿ ಕೊರೆದರೋ, ಲಾಲ್‌ಬಾಗಿನ ಗುಡ್ಡದ ಮೇಲೆ ಕೆಂಪೇಗೌಡರ ಗೋಪುರ ಯಾವ ಬಂಡೆಯ ಮೇಲೆ ನಿಂತಿದೆಯೋ, ಅದು ನೈಸ್ ಎಂಬ ಜಾತಿಯ ಶಿಲೆ. ಅದರ ವಯಸ್ಸು ಸುಮಾರು 300 ಕೋಟಿ ವರ್ಷ. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣ ಸಂಸ್ಥೆಯು ಲಾಲ್‌ಬಾಗಿನ ಬಂಡೆಯನ್ನು 1975ರಲ್ಲಿ ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಘೋಷಿಸಿತು. ಮಳೆಯ ನೀರು ಮಣ್ಣಿನಲ್ಲಿ ಇಳಿಯುವಾಗ ಅಲ್ಲಿಯ ಇಂಗಾಲಾಮ್ಲ ಅನಿಲವನ್ನು ಹೀರಿ ತುಸು ಹುಳಿಯಾಗುತ್ತದೆ. ಆ ಹುಳಿ ನೀರು ಬಂಡೆಯ ಬಿರುಕುಗಳಲ್ಲಿ ವರ್ಷಾನುವರ್ಷ ನಿಂತು, ಶಿಲೆಯಲ್ಲಿರುವ ಕ್ಯಾಲ್ಸಿಯಂ, ಮೆಗ್ನೀಸಿಯಂಗಳನ್ನು ಕರಗಿಸಿಕೊಳ್ಳುತ್ತದೆ. ಆಳವಾದ ಕೊಳವೆಬಾವಿಯಿಂದ ನಾವು ಎತ್ತುವುದು ಇದೇ ನೀರನ್ನು.

ಹಿಂದೆ ಗವಿಪುರ, ಗುಟ್ಟಹಳ್ಳಿಗಳವರಿಗೆ ಕೆಂಪಾಂಬುಧಿ ಕೆರೆಯೂ ಮನೆಮನೆಯ ಸೇದುಬಾವಿಯೂ ಇದ್ದವು. ಹೆಸರಘಟ್ಟದ ನೀರು, 1933ರಲ್ಲಿ ತಿಪ್ಪಗೊಂಡನಹಳ್ಳಿಯ ನೀರು, 1974ರಲ್ಲಿ ಕಾವೇರಿಯ ನೀರು ಒಂದಾದ ಮೇಲೊಂದು ನಗರಕ್ಕೆ ಬಂದವು. ಕೆರೆ, ನದಿಗಳ ನೀರು ಕೊಳವೆಬಾವಿಯ ನೀರಿನಷ್ಟು ಗಡಸಲ್ಲ. ಆದರೆ ಊರು ಬೆಳೆದಂತೆ ಸಾವಿರಾರು ಮನೆಗಳು ಕೊಳವೆಬಾವಿಗೂ ಟ್ಯಾಂಕರಿಗೂ ಕೈಯೊಡ್ಡಿದವು. ಟ್ಯಾಂಕರಿನ ನೀರೂ ಸಾಮಾನ್ಯವಾಗಿ ಕೊಳವೆಬಾವಿಯದೇ. 2024ರ ಬೇಸಗೆಯಲ್ಲಿ ಬೆಂಗಳೂರು ನೀರಿಗಾಗಿ ಪಟ್ಟ ಪಾಡು ಎಲ್ಲರ ನೆನಪಿನಲ್ಲಿದೆ. ಕುಡಿಯುವ ನೀರಿಗೆ ಭಾರತೀಯ ಮಾನಕ ಸಂಸ್ಥೆ ವಿಧಿಸಿರುವ ಗಡಸುತನದ ಮಿತಿ ಲೀಟರಿಗೆ 200 ಮಿಲಿಗ್ರಾಂ. ಬೇರೆ ನೀರು ಸಿಗದಿದ್ದಲ್ಲಿ 600ರವರೆಗೆ ಸಹಿಸಬಹುದು. ನಲ್ಲಿಯ ಮೂತಿ, ಸೋಲಾರ್ ಹೀಟರಿನ ಕೊಳವೆ, ಇಡ್ಲಿ ಪಾತ್ರೆಯ ತಳ, ಎಲ್ಲವೂ ಇದಕ್ಕೆ ಸಾಕ್ಷಿ ಹೇಳುತ್ತಿವೆ.

ಮೀನಿನ ತೊಟ್ಟಿಯಲ್ಲಿ ಇದು ಏಕೆ ಇಷ್ಟು ದಪ್ಪವಾಗಿ ಕಟ್ಟುತ್ತದೆ? ಸಣ್ಣದೊಂದು ಲೆಕ್ಕ ಹಾಕೋಣ. ತೊಟ್ಟಿಯಿಂದ ದಿನಕ್ಕೆ ಅರ್ಧ ಲೀಟರ್ ನೀರು ಆವಿಯಾಗುತ್ತದೆ, ಮನೆಯವರು ಅಷ್ಟನ್ನೇ ಮತ್ತೆ ತುಂಬುತ್ತಾರೆ ಎಂದಿಟ್ಟುಕೊಳ್ಳಿ. ವರ್ಷಕ್ಕೆ 180 ಲೀಟರಿಗಿಂತ ಹೆಚ್ಚಾಯಿತು. ನೀರಿನ ಗಡಸುತನ ಲೀಟರಿಗೆ 300 ಮಿಲಿಗ್ರಾಂ ಇದ್ದರೆ, ಆ ನೀರಿನೊಡನೆ ತೊಟ್ಟಿಯೊಳಗೆ ಬಂದ ಸುಣ್ಣ ಸುಮಾರು 55 ಗ್ರಾಂ. ಆವಿಯಾಗಿ ಹೋದುದು ನೀರು ಮಾತ್ರ; ಸುಣ್ಣ ಅಲ್ಲಿಯೇ ಉಳಿಯಿತು. ಗಾಳಿಯ ಪಂಪಿನ ಗುಳ್ಳೆಗಳು ನೀರಿನಲ್ಲಿದ್ದ ಇಂಗಾಲಾಮ್ಲವನ್ನು ಹೊರಗಟ್ಟುತ್ತವೆ. ಅದು ಹೋದೊಡನೆ ಕರಗಿದ್ದ ಸುಣ್ಣ ಮತ್ತೆ ಕಲ್ಲಾಗುತ್ತದೆ. ನೀರಿನ ಮಟ್ಟದಲ್ಲಿ ಗಾಜು ಒದ್ದೆಯಾಗುತ್ತ, ಒಣಗುತ್ತ ಇರುವುದರಿಂದ ಪಟ್ಟಿ ಅಲ್ಲಿಯೇ ಬೀಳುತ್ತದೆ. ಆಂಧ್ರದ ಬೆಳಂ ಗುಹೆಗಳಲ್ಲಿ ಸುಣ್ಣದ ಹನಿಗಳು ಕಂಬವಾಗಿ ಇಳಿದುದನ್ನು ಕಂಡವರು, ಅದೇ ಕ್ರಿಯೆ ತಮ್ಮ ಮನೆಯ ಗಾಜಿನ ಮೇಲೂ ನಡೆದಿದೆಯೆಂದು ತಿಳಿಯಬಹುದು.

ಇಲ್ಲಿ ನನ್ನ ಬಾಲ್ಯದ ಒಂದು ಪೆಟ್ಟನ್ನು ನೆನೆಯದಿರಲಾರೆ. ಮಠದ ಪ್ರಸಾದ ನಿಲಯದಲ್ಲಿ ಸ್ನಾನಕ್ಕೆ ನೀರು ಕಾಯಿಸುವ ತಾಮ್ರದ ಹಂಡೆಯಿತ್ತು. ಬಾವಿಯ ನೀರು ಗಡಸು. ಹಂಡೆಯ ತಳದಲ್ಲಿ ಗೇಣಗಲ ಸುಣ್ಣ ಹೆಪ್ಪುಗಟ್ಟಿ, ಸೌದೆ ಎಷ್ಟು ಉರಿಸಿದರೂ ನೀರು ಬಿಸಿಯೇರುತ್ತಿರಲಿಲ್ಲ. ಹಂಡೆ ತೊಳೆಯುವ ಸರದಿ ಬಂದ ದಿನ ನಾನು ಉಳಿಯೊಂದನ್ನು ಹಿಡಿದು ಸುಣ್ಣವನ್ನು ಕುಟ್ಟತೊಡಗಿದೆ. ಮೂರನೆಯ ಏಟಿಗೆ ಹಂಡೆ ತಗ್ಗಾಯಿತು, ನಾಲ್ಕನೆಯದಕ್ಕೆ ತೂತಾಯಿತು. ಅಡುಗೆಯ ಅಜ್ಜನವರು ಬೈಯಲಿಲ್ಲ. ಕಂಚುಗಾರನನ್ನು ಕರೆಸಿ ಬೆಸುಗೆ ಹಾಕಿಸಿ, ಹಂಡೆಗೆ ಹುಳಿಮಜ್ಜಿಗೆಯನ್ನೂ ನಿಂಬೆಯ ಸಿಪ್ಪೆಗಳನ್ನೂ ಹಾಕಿ ಒಂದು ರಾತ್ರಿ ಬಿಟ್ಟರು. ಬೆಳಿಗ್ಗೆ ಸುಣ್ಣ ಮೆದುವಾಗಿ ತೆಂಗಿನ ನಾರಿಗೆ ಕಳಚಿ ಬಂತು. "ನೆನೆಸಿದ್ರ ತಾನ ಬಿಡ್ತದ, ಬಡದ್ರ ಹಂಡೇನ ಹೋಗ್ತದ" ಎಂದರು. ಐವತ್ತು ವರ್ಷಗಳ ಮೇಲೆ ಗಾಜಿನ ತೊಟ್ಟಿಯ ಮುಂದೆ ಕುಳಿತಾಗ ನನಗೆ ನೆನಪಾದುದು ಆ ಮಾತು.

ಸುಣ್ಣದ ಕಲ್ಲಿಗೆ ಹುಳಿಯೇ ಮದ್ದು. ಆದರೆ ಮದ್ದು ಕೊಡುವ ಮುಂಚೆ ರೋಗ ಅದೇ ಹೌದೋ ಎಂದು ಪರೀಕ್ಷಿಸಬೇಕು. ಪಟ್ಟಿಯ ಮೇಲೆ ಒಂದೆರಡು ಹನಿ ವಿನಿಗರು ಹಾಕಿ ನೋಡಿ. ಸಣ್ಣ ಗುಳ್ಳೆಗಳು ಎದ್ದರೆ ಅದು ಸುಣ್ಣ. ಏನೂ ಆಗದಿದ್ದರೆ ಅದು ಸಿಲಿಕಾದ ಕರೆಯಾಗಿರಬಹುದು, ಅಥವಾ ಗಾಜಿನ ಮೈಯೇ ಸವೆದು ಮಂಕಾಗಿರಬಹುದು. ಇವೆರಡಕ್ಕೂ ಮನೆಯ ಹುಳಿಗಳು ಕೆಲಸಕ್ಕೆ ಬಾರವು. ಇಂಥ ಮಂಕನ್ನು ನೀರಿನಿಂದ ಒದ್ದೆ ಮಾಡಿ ನೋಡಬೇಕು. ಒದ್ದೆಯಾದಾಗ ಕಾಣದಂತಾದರೆ, ತೊಟ್ಟಿ ತುಂಬಿದ ಮೇಲೂ ಒಳಮೈಯ ಆ ಮಂಕು ಅಷ್ಟಾಗಿ ಕಾಣದು. ಅದನ್ನು ಹಾಗೆಯೇ ಬಿಡುವುದು ಜಾಣತನ.

ಯಾವ ಹುಳಿ? ನಮ್ಮ ಮನೆಗಳಲ್ಲಿ ಹಿತ್ತಾಳೆ, ತಾಮ್ರಗಳಿಗೆಲ್ಲ ಹುಣಸೆಹಣ್ಣೇ ಗತಿ. ಗಾಜಿಗೆ ಅದು ಒಗ್ಗದು. ಹುಣಸೆಯಲ್ಲಿರುವ ಟಾರ್ಟಾರಿಕ್ ಆಮ್ಲ ಸುಣ್ಣದೊಡನೆ ಸೇರಿ ಉಂಟಾಗುವ ಲವಣ ನೀರಿನಲ್ಲಿ ಸರಿಯಾಗಿ ಕರಗುವುದಿಲ್ಲ. ಒಂದು ಬಿಳುಪು ಹೋಗಿ ಇನ್ನೊಂದು ಬಿಳುಪು ಕೂರುತ್ತದೆ. ಜೊತೆಗೆ ಹಣ್ಣಿನಲ್ಲಿ ಸೇರಿಕೊಂಡ ಮರಳಿನ ಕಣಗಳು ಗಾಜನ್ನು ಗೀರುತ್ತವೆ. ಕಿರಾಣಿ ಅಂಗಡಿಯಲ್ಲಿ ಸಿಗುವ ಬಿಳಿಯ ವಿನಿಗರು ಉತ್ತಮ. ಅದರಲ್ಲಿ ಸುಮಾರು ಶೇಕಡ 4ರಷ್ಟು ಅಸಿಟಿಕ್ ಆಮ್ಲ ಇರುತ್ತದೆ. ಸುಣ್ಣದೊಡನೆ ಸೇರಿ ಅದು ಉಂಟುಮಾಡುವ ಲವಣ ನೀರಿನಲ್ಲಿ ಚೆನ್ನಾಗಿ ಕರಗಿ ತೊಳೆದುಹೋಗುತ್ತದೆ. ಒಂದು ಲೀಟರ್ ವಿನಿಗರು ಹೆಚ್ಚೆಂದರೆ 33 ಗ್ರಾಂ ಸುಣ್ಣವನ್ನು ಕರಗಿಸೀತು. ಮೇಲೆ ಹೇಳಿದ 55 ಗ್ರಾಮಿನ ಲೆಕ್ಕವನ್ನು ನೆನೆದರೆ, ಒಂದು ಸಣ್ಣ ಸೀಸೆ ತಂದು ಕೆಲಸವಾಗಲಿಲ್ಲವೆಂದು ಆ್ಯಸಿಡ್ಡಿಗೆ ಕೈಹಾಕುವವರ ತಪ್ಪು ಎಲ್ಲಿದೆಯೆಂದು ತಿಳಿಯುತ್ತದೆ. ವಿನಿಗರು ಸಿಗದಿದ್ದರೆ ಸಿಟ್ರಿಕ್ ಆಮ್ಲದ ಪುಡಿಯನ್ನು, ಲೀಟರ್ ನೀರಿಗೆ ಎರಡು ದೊಡ್ಡ ಚಮಚದಂತೆ ಕರಗಿಸಿ ಬಳಸಬಹುದು. ನಿಂಬೆಹಣ್ಣಿನ ಹುಳಿಯೂ ಅದೇ.

ಇನ್ನು ಸ್ಥಳದ ವಿಚಾರ. ಇದನ್ನು ಎಷ್ಟು ಒತ್ತಿ ಹೇಳಿದರೂ ಸಾಲದು. ಗವಿಪುರ, ಬಸವನಗುಡಿ, ಚಾಮರಾಜಪೇಟೆಗಳ ಹಳೆಯ ಮನೆಗಳಲ್ಲಿ ಮೊಸಾಯಿಕ್ ನೆಲವೋ ಕೆಂಪು ಗಾರೆಯ ನೆಲವೋ ಇರುತ್ತದೆ. ಅಡುಗೆಮನೆಯ ಕಟ್ಟೆಗೆ ಕಡಪದ ಕಲ್ಲು. ಮೊಸಾಯಿಕ್‌ನಲ್ಲಿರುವುದು ಅಮೃತಶಿಲೆಯ ಚೂರು, ಕಡಪದ ಕಲ್ಲು ಸುಣ್ಣದ ಕಲ್ಲಿನ ಜಾತಿ, ಸಿಮೆಂಟಿನ ಗಾರೆಯಲ್ಲಿಯೂ ಸುಣ್ಣವಿದೆ. ಗಾಜಿನ ಸುಣ್ಣವನ್ನು ತಿನ್ನುವ ಹುಳಿ ನೆಲದ ಸುಣ್ಣವನ್ನು ಬಿಡುತ್ತದೆಯೆ? ಒಂದು ತಾಸು ವಿನಿಗರು ನಿಂತರೆ ಹೊಳಪು ಹೋಗಿ ಮಚ್ಚೆ ಬೀಳುತ್ತದೆ. ಆ ಮಚ್ಚೆ ಮತ್ತೆ ಪಾಲಿಷ್ ಮಾಡಿಸದೆ ಹೋಗದು. ಆದುದರಿಂದ ತೊಟ್ಟಿಯನ್ನು ತಾರಸಿಗೆ ಒಯ್ದು, ಅಗಲವಾದ ಪ್ಲಾಸ್ಟಿಕ್ ಹಾಳೆ ಹಾಸಿ, ಅದರ ಮೇಲೆ ಹಳೆಯ ಕಂಬಳಿಯನ್ನು ಮಡಿಸಿ ಇಟ್ಟು ಕೆಲಸ ಮಾಡಬೇಕು. ತೆರೆದ ಗಾಳಿಯೂ ಸಿಕ್ಕುತ್ತದೆ. ಎರಡಡಿಯ ತೊಟ್ಟಿ, ಗಾಜು 5 ಮಿಲಿಮೀಟರ್ ದಪ್ಪವಿದ್ದರೆ, ಬರಿದಾಗಿಯೇ ಸುಮಾರು 9 ಕಿಲೋ ತೂಗುತ್ತದೆ. ಇಬ್ಬರು ತಳಕ್ಕೆ ಕೈಕೊಟ್ಟು ಎತ್ತಬೇಕು. ಮೇಲಂಚನ್ನು ಹಿಡಿದು ಎತ್ತಬಾರದು. ಒಡೆದ ಅಂಚುಗಳಿಗೆ ಮೊದಲೇ ಅಂಟುಪಟ್ಟಿ ಸುತ್ತಿಬಿಡಬೇಕು. ಕೈಗೆ ರಬ್ಬರಿನ ಗವಸು, ಕಣ್ಣಿಗೆ ಕನ್ನಡಕ ಇರಲಿ.

ನಾವು ಮಾಡಿದ ಕ್ರಮ ಇದು. ಮೊದಲು ತಣ್ಣೀರಿನಿಂದ ತೊಟ್ಟಿಯನ್ನು ಚೆನ್ನಾಗಿ ತೊಳೆದು ಮರಳಿನ ಕಣ ಒಂದೂ ಉಳಿಯದಂತೆ ನೋಡಿದೆವು. ಬಿಸಿನೀರು ಹಾಕಬಾರದು, ತಣ್ಣಗಿನ ಗಾಜಿಗೆ ಕುದಿನೀರು ಬಿದ್ದರೆ ಸೀಳುತ್ತದೆ. ಆಮೇಲೆ ಸ್ವಚ್ಛಗೊಳಿಸಬೇಕಾದ ಗಾಜು ಕೆಳಗೆ ಬರುವಂತೆ ತೊಟ್ಟಿಯನ್ನು ಒಂದು ಮಗ್ಗುಲಿಗೆ ಮಲಗಿಸಿದೆವು. ಇದೇ ಇಡೀ ಕೆಲಸದ ಗುಟ್ಟು. ನಿಂತ ಗಾಜಿಗೆ ಹಚ್ಚಿದ ಹುಳಿ ಕ್ಷಣದಲ್ಲಿ ಜಾರಿಹೋಗುತ್ತದೆ. ಮಲಗಿದ ಗಾಜಿನ ಮೇಲೆ ಅದು ನಿಲ್ಲುತ್ತದೆ. ಹಳೆಯ ಪಂಚೆಯ ಹತ್ತಿಬಟ್ಟೆಯನ್ನು ಪಟ್ಟಿಯಾಗಿ ಹರಿದು, ವಿನಿಗರಿನಲ್ಲಿ ಅದ್ದಿ, ಬಿಳಿಯ ಪಟ್ಟಿಯುದ್ದಕ್ಕೂ ಹಾಸಿ, ಒಣಗದಂತೆ ಮೇಲೆ ಪ್ಲಾಸ್ಟಿಕ್ ಮುಚ್ಚಿದೆವು. ಒಂದು ತಾಸಿನ ಮೇಲೆ ಬಟ್ಟೆ ತೆಗೆದು ನೋಡಿದಾಗ ಅಂಚುಗಳು ಕರಗಿದ್ದವು; ನಡುವಿನ ದಪ್ಪ ಭಾಗ ಹಾಗೆಯೇ ಇತ್ತು. ಗುಳ್ಳೆ ಏಳುವುದು ನಿಂತಿದ್ದರೆ ಆ ವಿನಿಗರಿನ ಹುಳಿ ಮುಗಿದಿದೆಯೆಂದು ಅರ್ಥ. ಅದನ್ನು ಚೆಲ್ಲಿ ಹೊಸದನ್ನು ಹಾಕಬೇಕು. ನಾಲ್ಕನೆಯ ಸಲಕ್ಕೆ ಸುಣ್ಣ ಮೊಸರಿನ ಕೆನೆಯಂತೆ ಮೆದುವಾಗಿ ಬಂತು. ಒಂದೊಂದು ಗಾಜಿಗೆ ಒಂದೊಂದು ದಿನದಂತೆ ನಾಲ್ಕು ದಿನ ಹಿಡಿಯಿತು. ಹುಡುಗನಿಗೆ ಗುಳ್ಳೆಗಳನ್ನು ಎಣಿಸುವ ಕೆಲಸ ಕೊಟ್ಟೆವು. ತುಸು ದೂರದಲ್ಲಿ, ಗಾಳಿ ಬೀಸುವ ಕಡೆ ಕುಳಿತು ಅವನು ಎಣಿಸಿದ.

ಉಳಿದ ಚೂರುಗಳನ್ನು ತೆಗೆಯಲು ಬ್ಲೇಡನ್ನು ಬಳಸಬಹುದು, ಎಚ್ಚರಿಕೆಯಿಂದ. ಖನಿಜಗಳ ಗಡಸುತನಕ್ಕೆ ಶಾಸ್ತ್ರಜ್ಞರು ಒಂದರಿಂದ ಹತ್ತರವರೆಗಿನ ಅಳತೆಯೊಂದನ್ನು ಇಟ್ಟುಕೊಂಡಿದ್ದಾರೆ. ಅದರಲ್ಲಿ ಸುಣ್ಣದ ಹರಳು 3, ಗಾಜು ಸುಮಾರು ಐದೂವರೆ, ಮರಳಿನ ಹರಳು 7. ಸುಣ್ಣವು ಗಾಜನ್ನು ಗೀರಲಾರದು, ಮರಳು ಗೀರುತ್ತದೆ. ಹೊಸ ಬ್ಲೇಡನ್ನು ಹಿಡಿಕೆಗೆ ಹಾಕಿ, ಗಾಜನ್ನು ಸದಾ ಒದ್ದೆಯಾಗಿಟ್ಟು, ಓರೆಯಾಗಿ ಒಂದೇ ದಿಕ್ಕಿಗೆ ತಳ್ಳಬೇಕು. ಮೂಲೆಗಳಲ್ಲಿ ಗಾಜುಗಳನ್ನು ಕೂಡಿಸಿರುವ ಸಿಲಿಕೋನ್ ಅಂಟಿನ ಹತ್ತಿರಕ್ಕೆ ಬ್ಲೇಡು ಹೋಗಬಾರದು. ಅಂಟು ಕುಯ್ದರೆ ತೊಟ್ಟಿ ಸೋರುತ್ತದೆ. ಆ ಮೂಲೆಗಳಿಗೆ ಹಳೆಯ ಹಲ್ಲುಜ್ಜುವ ಬ್ರಷ್ಷೇ ಸಾಕು. ಪಾತ್ರೆ ತಿಕ್ಕುವ ಪುಡಿ, ಬೂದಿ, ಉಕ್ಕಿನ ನಾರು ಇವು ಯಾವುವೂ ಬೇಡ. ತೊಟ್ಟಿ ಗಾಜಿನದಲ್ಲದೆ ಅಕ್ರಿಲಿಕ್ಕಿನದಾದರೆ ಬ್ಲೇಡನ್ನು ಮುಟ್ಟಲೇಬಾರದು. ಉಗುರಿನಿಂದ ತಟ್ಟಿದರೆ ಬರುವ ಮಂದ ಸದ್ದಿನಿಂದಲೇ ಅದು ಗೊತ್ತಾಗುತ್ತದೆ.

ಇನ್ನೊಂದು ಜಾತಿಯ ಹಳೆಯ ತೊಟ್ಟಿಗಳು ಗುಜರಿಯಲ್ಲಿ ಅಪರೂಪಕ್ಕೆ ಕಾಣುತ್ತವೆ: ಕಬ್ಬಿಣದ ಚೌಕಟ್ಟಿಗೆ ಪುಟ್ಟಿಯಿಂದ ಗಾಜು ಕೂಡಿಸಿದವು. ಸಿಲಿಕೋನ್ ಬಳಕೆಗೆ ಬರುವ ಮುಂಚಿನ ಕಾಲದವು. ಹುಳಿ ತಾಗಿದರೆ ಕಬ್ಬಿಣ ತುಕ್ಕು ಹಿಡಿಯುತ್ತದೆ. ಹಳೆಯ ಪುಟ್ಟಿಯಲ್ಲಿ ಸೀಸದ ಸಿಂಧೂರ ಬೆರೆಸುವುದೂ ಉಂಟು. ಅಂಥವನ್ನು ಅಂದಕ್ಕೆ ಇಟ್ಟುಕೊಳ್ಳಬಹುದು, ಮೀನಿಗೆ ಬೇಡ. ಸಿಲಿಕೋನ್ ಅಂಟು ನೀಲಿಯಾಗಿದ್ದರೆ ಮೀನಿನ ರೋಗಕ್ಕೆ ಹಾಕುವ ಮೆಥಿಲೀನ್ ಬ್ಲೂ ಎಂಬ ಔಷಧದ ಬಣ್ಣ ಅದಕ್ಕೆ ಹಿಡಿದಿರಬಹುದು. ಮಾರುವವನನ್ನು ಕೇಳಿ ತಿಳಿದುಕೊಳ್ಳುವುದು ಮೇಲು.

ಸುಣ್ಣ ಹೋದ ಮೇಲೆ ತೊಟ್ಟಿಯನ್ನು ಐದಾರು ಸಲ ಬರಿಯ ನೀರಿನಿಂದ ತೊಳೆಯಬೇಕು. ವಿನಿಗರಿನ ವಾಸನೆ ಪೂರ್ತಿ ಹೋಗಬೇಕು. ಸಾಬೂನು ಬೇಡ; ಅದರ ಲೇಶ ಉಳಿದರೂ ಮೀನಿನ ಕಿವಿರಿಗೆ ಹಾನಿ. ಕೆಲವರು ಈ ಹಂತದಲ್ಲಿ ಬ್ಲೀಚಿನಿಂದ ತೊಳೆಯಿರಿ ಎನ್ನುತ್ತಾರೆ. ನನ್ನ ಮಟ್ಟಿಗೆ, ಮನೆಯಲ್ಲಿ ಒಮ್ಮೆ ಆದುದೇ ಸಾಕು. ಬ್ಲೀಚಿಗೆ ವಿನಿಗರು ತಾಗಿದರೂ ಕ್ಲೋರಿನ್ ಹುಟ್ಟುತ್ತದೆಯೆಂಬುದನ್ನು ಹಲವರು ಅರಿಯರು. ಆ್ಯಸಿಡ್ಡಿಗೆ ಮಾತ್ರ ಅದು ಅಂಟಿದ ದೋಷವೆಂದು ತಿಳಿದಿದ್ದಾರೆ. ತೊಟ್ಟಿಯನ್ನು ಎರಡು ಮೂರು ದಿನ ಬಿಸಿಲಿನಲ್ಲಿ ಪೂರ್ತಿ ಒಣಗಿಸಿದೆವು, ಬೇರೇನೂ ಮಾಡಲಿಲ್ಲ. ಒಂದು ವೇಳೆ ಯಾರಾದರೂ ಇಂಥ ಘಾಟಿಗೆ ಸಿಕ್ಕಿದರೆ, ತೊಳೆಯುವ ಯೋಚನೆ ಬಿಟ್ಟು ಎಲ್ಲರೂ ಮೊದಲು ಹೊರಗಿನ ಗಾಳಿಗೆ ಹೋಗಬೇಕು. ಕಣ್ಣು ಉರಿದರೆ ಹರಿಯುವ ನೀರಿನಲ್ಲಿ ಕಾಲು ಗಂಟೆ ತೊಳೆದು ವೈದ್ಯರನ್ನು ಕಾಣಬೇಕು. ಕೆಮ್ಮು ನಿಂತಿತೆಂದು ಸುಮ್ಮನಾಗಬಾರದು, ಕೆಲವೊಮ್ಮೆ ತಾಸುಗಳ ಮೇಲೆ ಉಸಿರಾಟದ ತೊಂದರೆ ಕಾಣಿಸಿಕೊಳ್ಳುತ್ತದೆ.

ಸೋರುವಿಕೆಯ ಪರೀಕ್ಷೆಯನ್ನು ಮನೆಯೊಳಗೆ ಮಾಡಲಿಲ್ಲ. ಈ ಅಳತೆಯ ತೊಟ್ಟಿಯಲ್ಲಿ 56 ಲೀಟರ್ ನೀರು ಹಿಡಿಯುತ್ತದೆ. ಅದು ನಡುಮನೆಯಲ್ಲಿ ಒಡೆದರೆ ಪುಸ್ತಕಗಳ ಗತಿಯೇನು? ತಾರಸಿಯಲ್ಲೇ ಸಮತಟ್ಟಾದ ಹಲಗೆ, ಅದರ ಮೇಲೆ ಥರ್ಮೋಕೋಲ್ ಹಾಳೆ ಇಟ್ಟು, ಅಂಚುಗಳನ್ನು ಒಣ ಕಾಗದದಿಂದ ಒರೆಸಿ, ನೀರು ತುಂಬಿ ಎರಡು ದಿನ ಬಿಟ್ಟೆವು. ಮೂರನೆಯ ದಿನ ಕಾಗದ ಒಣಗಿಯೇ ಇತ್ತು. ತುಂಬಿದ ತೊಟ್ಟಿಯನ್ನು ಅಲುಗಿಸದೆ, ನೀರನ್ನು ಕೊಳವೆಯಿಂದ ಹೊರಗೆಳೆದು, ಬರಿದು ಮಾಡಿಯೇ ಕೆಳಗೆ ತಂದೆವು. ಆ ನೀರು ತೆಂಗಿನ ಬುಡಕ್ಕೆ ಹೋಯಿತು.

ಪಟ್ಟಿ ಮತ್ತೆ ಕಟ್ಟದಂತೆ ತಡೆಯುವ ಬಗೆ ಮೇಲಿನ ಲೆಕ್ಕದಲ್ಲಿಯೇ ಅಡಗಿದೆ. ಆವಿಯಾದಷ್ಟನ್ನು ಕೊಳವೆಬಾವಿಯ ನೀರಿನಿಂದ ತುಂಬುತ್ತ ಹೋದರೆ ಸುಣ್ಣ ಕೂಡುತ್ತಲೇ ಹೋಗುತ್ತದೆ. ವಾರಕ್ಕೊಮ್ಮೆ ನಾಲ್ಕನೆಯ ಒಂದು ಭಾಗ ನೀರನ್ನು ಹೊರತೆಗೆದು ಹೊಸದನ್ನು ಹಾಕಬೇಕು. ನಡುವೆ ಕಡಿಮೆಯಾದಷ್ಟಕ್ಕೆ ಮಳೆಯ ನೀರನ್ನು ಸೇರಿಸಬಹುದು. ಮಳೆಯ ನೀರಿನಲ್ಲಿ ಸುಣ್ಣ ಇಲ್ಲವೆನ್ನುವಷ್ಟು ಕಡಿಮೆ. ಬೆಂಗಳೂರಿನಲ್ಲಿ ಮಳೆನೀರು ಕೊಯ್ಲನ್ನು 2009ರಲ್ಲಿ ಕಾನೂನಿನಿಂದ ಕಡ್ಡಾಯ ಮಾಡಿದ್ದರಿಂದ ಹಲವು ಮನೆಗಳಲ್ಲಿ ಅದರ ಡ್ರಮ್ಮು ಇದ್ದೇ ಇದೆ. ಮೊದಲ ಮಳೆಯ ಕೊಳೆನೀರನ್ನು ಬಿಟ್ಟು ಆಮೇಲಿನದನ್ನು ಬಳಸಬೇಕು. ಕಾವೇರಿಯ ನಲ್ಲಿ ನೀರಾದರೆ ಅದರಲ್ಲಿ ಕ್ಲೋರಿನ್ ಇರುತ್ತದೆ. ಅಗಲ ಬಾಯಿಯ ಪಾತ್ರೆಯಲ್ಲಿ ಒಂದೆರಡು ದಿನ ತೆರೆದಿಟ್ಟು ಹಾಕಬೇಕು, ಅಥವಾ ಮೀನಿನ ಅಂಗಡಿಯಲ್ಲಿ ಸಿಗುವ ಸೋಡಿಯಂ ಥಯೋಸಲ್ಫೇಟಿನ ಹನಿಗಳನ್ನು ಸೀಸೆಯ ಮೇಲೆ ಬರೆದಷ್ಟೇ ಹಾಕಬೇಕು. ಮೇಲೆ ಗಾಜಿನ ಮುಚ್ಚಳವಿದ್ದರೆ ಆವಿಯೇ ಕಡಿಮೆಯಾಗುತ್ತದೆ. ಹೊಸದಾಗಿ ತುಂಬಿದ ತೊಟ್ಟಿಗೆ ಆ ದಿನವೇ ಹತ್ತು ಮೀನು ತಂದು ಬಿಡುವುದು ಬಹಳ ಮಂದಿ ಮಾಡುವ ತಪ್ಪು. ಮೀನಿನ ಮಲದಿಂದ ಹುಟ್ಟುವ ಅಮೋನಿಯಾವನ್ನು ಜೀರ್ಣಿಸುವ ಸೂಕ್ಷ್ಮಜೀವಿಗಳು ನೆಲೆಗೊಳ್ಳಲು ಮೂರು ನಾಲ್ಕು ವಾರ ಬೇಕು. ಅಲ್ಲಿಯವರೆಗೆ ಒಂದೆರಡು ಮೀನು ಸಾಕು.

ತೊಟ್ಟಿ ಈಗ ನಡುಮನೆಯ ಪೂರ್ವದ ಗೋಡೆಗೆ, ಬಿಸಿಲು ನೇರ ಬೀಳದ ಜಾಗದಲ್ಲಿದೆ. ಬಲಗಡೆಯ ಮೂಲೆಯಲ್ಲಿ ಒಂದು ಮಂಕು ಮಚ್ಚೆ ಮಾತ್ರ ಎಷ್ಟು ನೆನೆಸಿದರೂ ಹೋಗಲಿಲ್ಲ, ಗಾಜೇ ಸವೆದಿತ್ತು. ನೀರು ತುಂಬಿದ ಮೇಲೆ ಅದೂ ಕಾಣದಾಯಿತು. ಒಳಗೆ ಎರಡು ಚಿನ್ನದ ಮೀನು. ಬೆಳಿಗ್ಗೆ ನಾನು ಪೂಜೆಗೆ ಏಳುವ ಮುಂಚೆಯೇ ಮನೆಯವರು ಅವಕ್ಕೆ ಎರಡು ಚಿಟಿಕೆ ಆಹಾರ ಹಾಕಿರುತ್ತಾರೆ. ಹುಡುಗ ಎದ್ದು ಬಂದು ಮತ್ತೆ ಹಾಕದಂತೆ ಡಬ್ಬಿಯನ್ನು ಮೇಲಿನ ಗೂಡಿನಲ್ಲಿ ಇಟ್ಟಿದ್ದಾರೆ. ಗಾಜಿನ ಅಂಗಡಿಯವರಿಗೆ ಮುಚ್ಚಳದ ಅಳತೆ ಕೊಟ್ಟು ಬಂದಿದ್ದೇವೆ. ಪಂಪಿನ ಕೊಳವೆಗೆ ಒಂದು ಮೂಲೆ ಕತ್ತರಿಸಬೇಕೆಂದು ಹೇಳುವುದು ಮರೆತಿತ್ತು, ನಾಳೆ ಹೋಗಿ ಹೇಳಬೇಕು.